ಕಲಾ ವಿಭಾಗ ಹಿಂದಿನ ಬೆಂಚಲ್ಲ



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಭಾಗದ ಮನೆಮನೆಯಲ್ಲೂ ಒಂದು ತೀರ್ಪು ಹೊರಬೀಳುತ್ತದೆ. ಹೆಚ್ಚು ಅಂಕ ಪಡೆದವರು ವಿಜ್ಞಾನಕ್ಕೆ, ನಡುವಿನವರು ವಾಣಿಜ್ಯಕ್ಕೆ, ಉಳಿದವರು ಕಲಾ ವಿಭಾಗಕ್ಕೆ. ಮಗುವಿನ ಒಲವು ಯಾವ ಕಡೆಗಿದೆ ಎಂದು ಕೇಳುವವರೇ ಇಲ್ಲ. ಇತಿಹಾಸದ ಪಾಠವನ್ನು ಕಣ್ಣರಳಿಸಿ ಕೇಳುತ್ತಿದ್ದ ಹುಡುಗಿಗೆ ಶೇಕಡಾ 90 ಅಂಕ ಬಂದರೆ, ಆ ಅಂಕ ಗಳಿಸಿದ ತಪ್ಪಿಗೆ ಅವಳು ಇತಿಹಾಸವನ್ನೇ ಕಳೆದುಕೊಳ್ಳುತ್ತಾಳೆ.

ಇದಕ್ಕೆ ತಂದೆತಾಯಿಗಳನ್ನು ದೂರುವುದು ಸುಲಭ. ನನ್ನ ಆಕ್ಷೇಪವಿರುವುದು ವಿಶ್ವವಿದ್ಯಾಲಯಗಳ ಮೇಲೆ. ವಿಜ್ಞಾನವು ಮಕ್ಕಳನ್ನು ಹುಡುಕಿಕೊಂಡು ಬರುತ್ತದೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ 'ಇನ್‌ಸ್ಪೈರ್' ಯೋಜನೆ ಶಾಲೆಯ ಮಕ್ಕಳಿಗೆ ಪ್ರಶಸ್ತಿ, ಪ್ರದರ್ಶನ, ಶಿಬಿರಗಳನ್ನು ತಂದಿತು. ಮೂಲವಿಜ್ಞಾನದ ಪದವಿ ಓದುವ ಪ್ರತಿಭಾವಂತರಿಗೆ ವರ್ಷಕ್ಕೆ 80,000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಗೊತ್ತುಪಡಿಸಿತು. ಇದು ಆಗಬೇಕಾದ ಕೆಲಸವೇ. ಆದರೆ ಇತಿಹಾಸ, ಭಾಷೆ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರಗಳ ಪರವಾಗಿ ನಮ್ಮ ಹಳ್ಳಿಯ ಶಾಲೆಗೆ ಬರುವವರು ಯಾರು? ನಾನು ಸೇವೆಯಲ್ಲಿದ್ದಷ್ಟು ಕಾಲವೂ ಶಾಸನ ಓದಬಲ್ಲ ಒಬ್ಬ ಪ್ರಾಧ್ಯಾಪಕರು ನನ್ನ ತರಗತಿಯ ಹೊಸ್ತಿಲು ತುಳಿದದ್ದನ್ನು ಕಾಣಲಿಲ್ಲ.

ಇಂಥ ಸಂಪ್ರದಾಯ ಕನ್ನಡಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದ ವಿದ್ವಾಂಸರು ಒಂದು ಕಾಲಕ್ಕೆ ಊರೂರಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ನೀಡುತ್ತಿದ್ದರು. ಅವು ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಜನಸಾಮಾನ್ಯರ ಕೈಸೇರಿದವು. ಈಗ ನಮಗೆ ವಿಶ್ವವಿದ್ಯಾಲಯಗಳೇನೂ ದೂರದಲ್ಲಿಲ್ಲ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತುಂಗಭದ್ರೆಯ ಆಚೆಯ ದಡದಲ್ಲಿದೆ. 2023ರಲ್ಲಿ ಕೊಪ್ಪಳ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದಿತು. ಎರಡೇ ವರ್ಷಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಅದನ್ನೂ ಸೇರಿಸಿ ಒಂಬತ್ತನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಹೊರಟಿತು. ಶಾಲೆಯ ಮಕ್ಕಳ ಬದುಕಿನಲ್ಲಿ ಬೇರು ಬಿಟ್ಟ ವಿದ್ಯಾಸಂಸ್ಥೆಯನ್ನು ಅಷ್ಟು ಸಲೀಸಾಗಿ ಮುಚ್ಚುವ ಮಾತಾಡಲು ಬಂದೀತೆ?

ಬೇರು ಬಿಡಲು ನಮ್ಮ ನೆಲದಷ್ಟು ಹದವಾದ ನೆಲ ಇನ್ನೆಲ್ಲಿದೆ? 'ಕವಿರಾಜಮಾರ್ಗ'ವು ತಿರುಳ್ಗನ್ನಡ ನಾಡಿನ ಎಲ್ಲೆಗಳನ್ನು ಹೇಳುವಾಗ ಹೆಸರಿಸಿದ ಕೊಪಣವೇ ನಮ್ಮ ಕೊಪ್ಪಳ. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಮೊದಲು ಕಂಡವರು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು. ಕಂಡದ್ದು ಎಂಜಿನಿಯರ್ ಆದರೂ ಅದರ ಅರ್ಥ ಬಿಡಿಸಲು ಲಿಪಿ, ಭಾಷೆ ಬಲ್ಲವರೇ ಬೇಕಾಯಿತು. ನಾಡಿಗೆ ಇಬ್ಬರೂ ಬೇಕು.

ಕೆಲವು ಕಾಲೇಜುಗಳವರು ಪ್ರವೇಶದ ತಿಂಗಳಲ್ಲಿ ಕರಪತ್ರ ಹಿಡಿದು ಬಂದು, ಕಲಾ ವಿಭಾಗ ಓದಿದರೆ ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗೆ ಅನುಕೂಲ ಎಂದು ಹೇಳಿ ಹೋಗುತ್ತಾರೆ. ಇದು ವಿಷಯದ ಮೇಲಿನ ಪ್ರೀತಿಯಲ್ಲ, ಸೀಟು ತುಂಬುವ ಉಪಾಯ. ಎಂಟನೆಯ ತರಗತಿಯಲ್ಲಿಯೇ ಮಕ್ಕಳನ್ನು ಗವಿಮಠದ ಬಂಡೆಯ ಮುಂದೆ ನಿಲ್ಲಿಸಿ ಬ್ರಾಹ್ಮಿಯ ನಾಲ್ಕು ಅಕ್ಷರ ಓದಿಸಲಿ. ಅಳವಂಡಿಯ ಶಿವಮೂರ್ತಿಸ್ವಾಮಿಯವರು ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡಿ 1952ರಲ್ಲಿ ಲೋಕಸಭೆಗೆ ಆರಿಸಿ ಹೋದವರು. ಆ ಕಾಲವನ್ನು ಕಣ್ಣಾರೆ ಕಂಡ ಅಜ್ಜ-ಅಜ್ಜಿಯರು ಇನ್ನು ಬೆರಳೆಣಿಕೆಯಷ್ಟು ಮಂದಿ. ಅವರ ಮಾತನ್ನು ಮಕ್ಕಳಿಂದ ಬರೆಯಿಸಲಿ, ಅದನ್ನು ತಿದ್ದಿ ಒಪ್ಪ ಮಾಡುವ ವಿದ್ಯೆಯನ್ನು ಪ್ರಾಧ್ಯಾಪಕರು ಕಲಿಸಲಿ. ಈ ಕೆಲಸಕ್ಕೆ ಇನ್ನು ಹತ್ತು ವರ್ಷ ಕಾಯುವಂತಿಲ್ಲ.

"ಸರ್, ಹೊಟ್ಟೆಪಾಡು?" ಎಂದು ನೀವು ಕೇಳುವುದು ನ್ಯಾಯವೇ. ಮಳೆಯನ್ನೇ ನಂಬಿದ ರೈತನ ಮಗುವಿಗೆ ಬರಿಯ ಉಪದೇಶ ಸಾಲದು. ಆದುದರಿಂದಲೇ ವಿಜ್ಞಾನಕ್ಕೆ ಇರುವಂತಹ ವಿದ್ಯಾರ್ಥಿವೇತನ ಮಾನವಿಕ ವಿಷಯಗಳಿಗೂ ಬೇಕೆಂದು ವಿಶ್ವವಿದ್ಯಾಲಯಗಳು ಸರ್ಕಾರವನ್ನು ಒತ್ತಾಯಿಸಬೇಕು. ಹಾಗಲ್ಲದೆ ಕರೆದರೆ ಆ ಕರೆಗೆ ಬೆಲೆಯಿಲ್ಲ.

ನಿಮ್ಮಲ್ಲಿ ಹಲವರು ಇಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದೀರಿ. ವರ್ಷಕ್ಕೆ ಒಂದು ಶನಿವಾರ ನೀವು ಓದಿದ ಶಾಲೆಗೆ ಹೋಗಿರಿ, ಕರಪತ್ರ ಬೇಡ, ನಿಮ್ಮ ವಿಷಯವನ್ನು ಹೊತ್ತು ಹೋಗಿರಿ. ತಂದೆತಾಯಿಗಳಾದವರು, ಈ ಸಲ ಫಲಿತಾಂಶ ಬಂದಾಗ ಅಂಕಪಟ್ಟಿ ನೋಡುವುದಕ್ಕೆ ಮುಂಚೆ ಮಗುವನ್ನು ಒಂದು ಮಾತು ಕೇಳಿರಿ: ನಿನಗೆ ಯಾವ ಪಾಠ ಸೇರುತ್ತದಪ್ಪಾ?