ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಕಾರವಾರದ ದಂಡೆಯಲ್ಲಿ ಈ ಮಾತು ಕೇಳಿದೆ. ಹುಬ್ಬಳ್ಳಿಯಿಂದ ಬಂದಿದ್ದ ಸೋದರಮಾವನ ಮನೆಯವರ ಜೊತೆ ನಮ್ಮೂರು ಅಂಬೇವಾಡಿಯಿಂದ ಹೊರಟು, ಜೋಯಿಡಾ ದಾಟಿ, ಅಣಶಿ ಘಟ್ಟ ಇಳಿದು ಹೋಗಿದ್ದೆವು. ಟಿಕೆಟು ಹರಿಯುತ್ತಿದ್ದ ಹುಡುಗ, “ಕೂರ್ಮಗಡದ ಕಡೆ ಒಂದು ರೌಂಡು. ದ್ವೀಪ, ಹಕ್ಕಿ, ಡಾಲ್ಫಿನ್ ಎಲ್ಲಾ ತೋರಿಸ್ತೇವೆ. ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್” ಅಂದ. ಮಾವನಿಗೆ ಖುಷಿಯಾಯಿತು. “ವ್ಯವಹಾರ ಅಂದ್ರ ಹಿಂಗಿರಬೇಕು ನೋಡು” ಎಂದು ನನ್ನ ಬೆನ್ನು ತಟ್ಟಿದರು. ನನಗೂ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈ ಬರಹ ಆ ಒಂದು ವಾಕ್ಯದ ವಿರುದ್ಧ.

ದೋಣಿ ನಡೆಸುತ್ತಿದ್ದವರು ಐವತ್ತು ದಾಟಿದ ಮೀನುಗಾರರು. ಕೂರ್ಮಗಡ ಇನ್ನೂ ಸ್ವಲ್ಪ ದೂರ ಇರುವಾಗಲೇ ಇಂಜಿನ್ ಬಂದ್ ಮಾಡಿದರು. ಬಂಡೆಯ ಮೇಲಿನ ಮರದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಕೂತಿತ್ತು. ಕೈ ಮಾಡಿ ತೋರಿಸಿದರು. ಇಬ್ಬರು ತಿರುಗಿ ನೋಡಿದರು, ಉಳಿದವರು ನೀರಿನ ಮೇಲೆಯೇ ಕಣ್ಣಿಟ್ಟಿದ್ದರು. ಹತ್ತು ನಿಮಿಷ ಆಗಿರಬಹುದು, ಹಿಂದಿನಿಂದ ಒಬ್ಬರು ಕೂಗಿದರು: “ಏನ್ರೀ, ರೊಕ್ಕಾ ಕೊಟ್ಟೇವಿ, ಬರೇ ನೀರು ತೋರಸಾಕ ಕರಕೊಂಡು ಬಂದೀರೇನು?” ಅಷ್ಟರಲ್ಲಿ ದೂರದ ಇನ್ನೊಂದು ದೋಣಿಯಿಂದ ಕೇಕೆ ಕೇಳಿತು. ನಮ್ಮ ದೋಣಿಯ ಇಂಜಿನ್ ಗುಡುಗಿತು. ನಾವು ತಲುಪುವಷ್ಟರಲ್ಲಿ ಅಲ್ಲಿ ಮೂರು ದೋಣಿಗಳಿದ್ದವು, ನಮ್ಮದು ನಾಲ್ಕನೆಯದು. ನಡುವೆ ಮೂರೋ ನಾಲ್ಕೋ ಬೂದು ಬೆನ್ನುಗಳು, ಅದರಲ್ಲಿ ಒಂದು ತೀರಾ ಸಣ್ಣದು, ದೊಡ್ಡದಕ್ಕೆ ಅಂಟಿಕೊಂಡೇ ಏಳುತ್ತಿತ್ತು. ಅವು ಎದ್ದ ಕಡೆಗೆ ನಾಲ್ಕೂ ದೋಣಿ ತಿರುಗುತ್ತಿದ್ದವು. ಅವು ಮುಳುಗುತ್ತಿದ್ದವು. ಮತ್ತೆ ಎದ್ದ ಕಡೆಗೆ ಮತ್ತೆ ನಾಲ್ಕೂ ದೋಣಿ. ಹೀಗೆ ಕಾಲು ಗಂಟೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಯಾರಿಗೂ ದುಡ್ಡು ವಾಪಸ್ ಕೊಡುವ ಪ್ರಸಂಗ ಬರಲಿಲ್ಲ.

ದಂಡೆಗೆ ಬಂದಮೇಲೆ ಆ ದೋಣಿಯವರನ್ನು ಕೇಳಿದೆ, “ಅಣ್ಣಾ, ಮೊದಲು ಇಂಜಿನ್ ಯಾಕೆ ಬಂದ್ ಮಾಡಿದ್ರಿ?” ಅವರೆಂದರು: “ನಾವು ನಿಂತ್ರೆ ಅವೇ ಬರ್ತಾವೆ ತಮ್ಮಾ. ಬಲೆ ಹಾಕ್ಲಿಕ್ಕೆ ಹೋದಾಗ ದೋಣಿ ಬದಿಗೇ ಬಂದು ಹೋಗ್ತಾವೆ. ಟಿಕೆಟ್ ತಗೊಂಡವರಿಗೆ ನಿಲ್ಲುವಷ್ಟು ಪುರಸೊತ್ತಿಲ್ಲ. ಕಾಣದೇ ಹೋದ್ರೆ ಡೀಸೆಲ್ ಖರ್ಚು ನನ್ನ ತಲೆ ಮೇಲೆ.”

ಈ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ‘ದುಡ್ಡು ವಾಪಸ್’ ಎಂಬುದು ಗಿರಾಕಿಗೆ ಸಿಗುವ ಭರವಸೆ ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ದೋಣಿಯವನ ಮೇಲೆ ಹಾಕುವ ದಂಡ. ಆ ದಂಡ ತಪ್ಪಿಸಿಕೊಳ್ಳಲು ಅವನಿಗಿರುವುದು ಒಂದೇ ದಾರಿ, ಅಟ್ಟಿಸಿಕೊಂಡು ಹೋಗುವುದು. ಗೊತ್ತಿದ್ದೂ ತಪ್ಪು ಮಾಡುವಂತೆ ಒಬ್ಬ ತಿಳಿದ ಮನುಷ್ಯನನ್ನು ತಳ್ಳುವ ವ್ಯವಹಾರ ಇದು.

ಕಾರವಾರದ ನೀರಿನಲ್ಲಿ ಸಾಮಾನ್ಯವಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಇದು ಆಳ ಸಮುದ್ರದ ಪ್ರಾಣಿಯಲ್ಲ. ದಂಡೆಗೆ ಹತ್ತಿರದ ಆಳವಿಲ್ಲದ ನೀರು, ನದಿ ಸೇರುವ ಅಳಿವೆ ಇದರ ಮನೆ. ಎಂದರೆ ನಮ್ಮ ದೋಣಿಗಳಿಂದ ತಪ್ಪಿಸಿಕೊಂಡು ದೂರ ಹೋಗೋಣವೆಂದರೆ ಅದಕ್ಕೆ ಹೋಗಲು ಬೇರೆ ಊರಿಲ್ಲ. ಅಳಿವೆಯ ಕಲಕು ನೀರಿನಲ್ಲಿ ಅದು ದಾರಿ, ಮೀನು, ಮರಿ ಎಲ್ಲವನ್ನೂ ಹುಡುಕುವುದು ಮುಖ್ಯವಾಗಿ ಶಬ್ದದಿಂದ. ನಾಲ್ಕು ಇಂಜಿನ್ ಸುತ್ತ ಗುಡುಗುತ್ತಿರುವಾಗ ಅದರ ಪಾಡು ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಮೇಲಾಗಿ ಅದು ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿ. ನಾವು ‘ಕಂಡಿತು, ಕಂಡಿತು’ ಎಂದು ಕೂಗುವ ಆ ಗಳಿಗೆ ಅದು ಉಸಿರು ತೆಗೆದುಕೊಳ್ಳಲು ಮೇಲೆ ಬಂದ ಗಳಿಗೆ. ಮರಿಯ ಜೊತೆಗಿರುವ ತಾಯಿಗೆ ಅಂಥ ಪ್ರತಿ ಉಸಿರಿಗೂ ನಾಲ್ಕು ದೋಣಿ ಎದುರಾದರೆ ಹಾಲೂಡುವುದು ಯಾವಾಗ, ದಣಿವಾರಿಸಿಕೊಳ್ಳುವುದು ಯಾವಾಗ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್ ಮೊದಲನೆಯ ಅನುಸೂಚಿಯ ಪ್ರಾಣಿ. ಹುಲಿ ಇರುವ ಅನುಸೂಚಿಯೇ ಅದು. ಅದೇ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಬೆನ್ನಟ್ಟುವುದು, ಅಟ್ಟಿಸುವುದು, ಅದಕ್ಕೆ ಪ್ರಯತ್ನಿಸುವುದೂ ಸೇರಿವೆ. ನಾವು ಆ ದಿನ ಮಾಡಿದ್ದು ಕಾನೂನಿನ ಕಣ್ಣಲ್ಲಿ ಏನಾಗುತ್ತದೆಂದು ವಕೀಲರು ಹೇಳಲಿ. ಕೋವಿಯ ಬದಲು ಫೋನು ಹಿಡಿದಿದ್ದೆವು ಎಂಬುದನ್ನು ಬಿಟ್ಟರೆ ನೆರವೇರಿದ್ದು ಅದೇ ಕ್ರಿಯೆ ಎಂದು ಹೇಳಲು ನನಗೆ ವಕೀಲರು ಬೇಕಿಲ್ಲ.

ಇದನ್ನು ಹಾಸ್ಟೆಲಿನ ಗೆಳೆಯರ ಮುಂದೆ ಹೇಳಿದಾಗ ಎರಡು ಉತ್ತರ ಬಂದವು. ಎರಡೂ ತಯಾರಿದ್ದ ಉತ್ತರಗಳು. ಒಂದು: “ಹಾಗಾದರೆ ಬ್ಯಾನ್ ಮಾಡಬೇಕು.” ಇನ್ನೊಂದು: “ಬಡವರ ಹೊಟ್ಟೆಪಾಡು, ಸುಮ್ಮನಿರು.”

ಬ್ಯಾನ್ ಎನ್ನುವವರಿಗೆ ಮೊದಲು ಹೇಳುತ್ತೇನೆ. ಈ ದಂಡೆಯ ಹರಿಕಂತ್ರ, ಖಾರ್ವಿ, ಗಾಬಿತ ಸಮುದಾಯಗಳಿಗೆ ಕಳೆದುಕೊಳ್ಳುವುದು ಹೊಸತಲ್ಲ. ಊರೆಲ್ಲ ಸೇರಿ ದಂಡೆಯಿಂದ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದಮೇಲೆ ಮೂಲೆ ಸೇರಿತು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ಕಡೆಯ ಹಲವು ಊರುಗಳು ಎದ್ದವು, ದಂಡೆಗೆ ದಂಡೆಯೇ ಬೇಲಿಯೊಳಗೆ ಹೋಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನೇ ನೋಡಿ. ಕಡಲ ಹದ್ದುಗಳು ಗೂಡು ಕಟ್ಟುವ, ಸುತ್ತ ಹವಳದ ಬಂಡೆಗಳಿರುವ ಆ ದ್ವೀಪವನ್ನು ನೌಕಾಪಡೆ ಗುಂಡು ಹೊಡೆಯುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿದೆ. ದೊಡ್ಡವರ ಸದ್ದಿನ ಬಗ್ಗೆ ತುಟಿ ಬಿಚ್ಚದೆ ಸಣ್ಣ ದೋಣಿಯ ಸದ್ದು ನಿಲ್ಲಿಸಿ ಎನ್ನುವ ಪರಿಸರ ಪ್ರೇಮ ನನಗೆ ಬೇಡ. ಅಲ್ಲದೆ ಇಂಜಿನ್ ಬಂದ್ ಮಾಡಿದರೆ ಡಾಲ್ಫಿನ್ ತಾನೇ ಬರುತ್ತದೆ ಎಂದು ಅಂದು ದೋಣಿಯಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಆ ಮೀನುಗಾರರಿಗೆ. ಬ್ಯಾನ್ ಮಾಡಿದರೆ ಮೊದಲು ಹೊರಗೆ ಹೋಗುವವರು ಅವರೇ.

ಇನ್ನು ಹೊಟ್ಟೆಪಾಡು ಎನ್ನುವವರಿಗೆ. ಯಾರ ಹೊಟ್ಟೆ, ಎಷ್ಟು ದಿನ? ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಡಾಲ್ಫಿನ್ ತೋರಿಸುವ ಸಂಸ್ಥೆಗಳು ಒಂದಿದ್ದದ್ದು ಎರಡಾದಾಗ, ಆ ಜಾಗದಲ್ಲಿ ಡಾಲ್ಫಿನ್‌ಗಳು ಕಡಿಮೆಯಾದದ್ದನ್ನು ವಿಜ್ಞಾನಿಗಳು ದಾಖಲಿಸಿದರು. 2006ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅಲ್ಲಿಯ ಸರ್ಕಾರ ಎರಡನೇ ಪರವಾನಗಿಯನ್ನು ಮುಂದುವರಿಸಲಿಲ್ಲ. ಎರಡೇ ಸಂಸ್ಥೆಗಳು! ನಮ್ಮಲ್ಲಿ ಒಂದು ಬೆಳಿಗ್ಗೆ ಒಂದು ಮರಿಯ ಸುತ್ತ ನಾಲ್ಕು ದೋಣಿ. ಡಾಲ್ಫಿನ್ ಈ ಅಳಿವೆ ಬಿಟ್ಟುಹೋದ ದಿನ ಹುಬ್ಬಳ್ಳಿಯ ನಮ್ಮ ಮಾವ ಗೋವೆಗೆ ಹೋಗುತ್ತಾರೆ, ನಾನು ಬೇರೊಂದು ಲೇಖನ ಬರೆಯುತ್ತೇನೆ. ಖಾಲಿ ದೋಣಿಯಲ್ಲಿ ಕೂರುವವರು ಅದೇ ಮೀನುಗಾರರು. ಹೊಟ್ಟೆಪಾಡಿನ ಮಾತನ್ನು ದೊಡ್ಡ ದನಿಯಲ್ಲಿ ಆಡುವವರಿಗೆ ಡೀಸೆಲ್ ಲೆಕ್ಕ ಗೊತ್ತಿರುವುದಿಲ್ಲ.

ಹಾಗಾದರೆ ಭರವಸೆ ಕೊಡದೆ ಪ್ರವಾಸೋದ್ಯಮ ನಡೆಯುತ್ತದೆಯೇ? ಉತ್ತರಕ್ಕೆ ನಾನು ಕಾಳಿ ನದಿಯ ಗುಂಟ ವಾಪಸ್ ಮೇಲಕ್ಕೆ, ನಮ್ಮೂರಿಗೆ ಬರುತ್ತೇನೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ದಾಂಡೇಲಿಯನ್ನು ಹಾದು, ಕಾರವಾರದಲ್ಲಿ ಆ ಡಾಲ್ಫಿನ್‌ಗಳ ಮನೆಗೆ ನೀರು ತಂದು ಸುರಿಯುವುದು ಇದೇ ನದಿ. ನಮ್ಮ ಕಾಡಿಗೆ ಈಗ ಇದರದೇ ಹೆಸರು, 2015ರಿಂದ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕುಳಗಿಯಿಂದ ಜೀಪು ಹತ್ತಿ ಸಫಾರಿಗೆ ಹೋಗುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕರಿ ಚಿರತೆಯ ಹೆಸರು ಕೇಳಿಯೇ ಬಹಳ ಜನ ಬರುತ್ತಾರೆ. ಕರಿ ಚಿರತೆ ಕಂಡವರು ಎಲ್ಲೋ ಒಬ್ಬರು. ಉಳಿದವರು ಕಾಟಿಯ ಹೆಜ್ಜೆ, ಒಂದು ಮಂಗಟ್ಟೆ, ಬೆಳಗಿನ ಚಳಿ ಇಷ್ಟನ್ನೇ ಕಂಡು ಮರಳುತ್ತಾರೆ. ಯಾರೂ ದುಡ್ಡು ವಾಪಸ್ ಕೇಳಿದ್ದು ನಾನು ಕಂಡಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತಾರೆ. ನಮ್ಮೂರೇನು ಪುಣ್ಯಕ್ಷೇತ್ರವಲ್ಲ, ಹೊಳೆದಂಡೆಯ ರಿಸಾರ್ಟಿನಲ್ಲಿ ರಾತ್ರಿ ಹಾಡು ಹಚ್ಚಿ ಕುಣಿಯುವವರನ್ನೂ ಬಲ್ಲೆ. ಆದರೂ ಕಾಡಿಗೆ ಒಂದು ಗೇಟಿದೆ, ಹೊತ್ತು ಗೊತ್ತಿದೆ, ಜೀಪಿಗೆ ದಾರಿಯಿದೆ. ಆ ಗೇಟು ದಾಟಿದವನಿಗೆ ಇದು ತನ್ನ ಮನೆಯಲ್ಲ ಎಂಬ ಸಣ್ಣ ಅಳುಕಾದರೂ ಇರುತ್ತದೆ. ಅದೇ ಮನುಷ್ಯ, ಅದೇ ಅನುಸೂಚಿಯ ಪ್ರಾಣಿ, ಘಟ್ಟ ಇಳಿದ ಕೂಡಲೇ ಅಳುಕು ಎಲ್ಲಿ ಹೋಯಿತು?

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ತಕರಾರಿದೆ. ಕನ್ನಡದಲ್ಲಿ ‘ನೋಡು’ ಬೇರೆ, ‘ಕಾಣು’ ಬೇರೆ. ನೋಡುವುದು ನನ್ನ ಕೆಲಸ. ಕಾಣಿಸುವುದು ಎದುರಿನದರ ಇಷ್ಟ. ‘ನನಗೆ ಡಾಲ್ಫಿನ್ ಕಾಣಿಸಿತು’ ಎಂಬ ವಾಕ್ಯದಲ್ಲಿ ಕರ್ತೃ ನಾನಲ್ಲ, ಡಾಲ್ಫಿನ್. ಅದಕ್ಕೇ ದೇವರ ವಿಷಯದಲ್ಲೂ ನಾವು ‘ಕಾಣಿಸಿಕೊಂಡ’ ಎನ್ನುತ್ತೇವೆ. ನೋಡುವುದಕ್ಕೆ ಟಿಕೆಟು ಕೊಡಬಹುದು, ಸಮಯ ಮತ್ತು ಡೀಸೆಲಿಗೆ ಬೆಲೆ ಕಟ್ಟಬಹುದು. ಕಾಣಿಸುವುದನ್ನು ಮಾರುವ ಹಕ್ಕು ಯಾರಿಗೂ ಇಲ್ಲ, ಏಕೆಂದರೆ ಅದು ಮಾರುವವನ ಸೊತ್ತಲ್ಲ.

ಇದೇ ನದಿಯಲ್ಲಿ ಇನ್ನೊಂದು ದೋಣಿ ಪ್ರಯಾಣ ನಡೆದಿತ್ತು. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಆಸುಪಾಸಿನ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಗುಡ್ಡದ ಕೋಟೆ ನೋಡಿ, ರೈತನೊಬ್ಬನ ಅಂಗಳದಲ್ಲಿ ಉಂಡು, ಹರಿವಿನ ಜೊತೆ ತೇಲಿಕೊಂಡು ಅಳಿವೆಗೆ ಮರಳಿ, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ‘ಜೀವನಸ್ಮೃತಿ’ಯಲ್ಲಿ ಹೇಳಿಕೊಂಡಿದ್ದಾರೆ. ಆ ರಾತ್ರಿ ಅವರಿಗೆ ಒಂದು ಕವಿತೆ ದಕ್ಕಿತು. ಇಂದು ಕಾರವಾರದ ಕಡಲ ದಂಡೆಗೆ ಅವರ ಹೆಸರೇ ಇದೆ. ಅವರ ದೋಣಿಗೆ ಇಂಜಿನ್ ಇರಲಿಲ್ಲ, ಏನನ್ನೂ ತೋರಿಸುವ ಕರಾರೂ ಇರಲಿಲ್ಲ.

ಟೀಕೆ ಮಾಡಿ ಕೈತೊಳೆದುಕೊಂಡರೆ ಸಾಲದು, ಏನು ಮಾಡಬೇಕು ಎಂದೂ ಹೇಳಬೇಕು. ಮೊದಲನೆಯದು, ‘ದುಡ್ಡು ವಾಪಸ್’ ಮಾತು ನಿಲ್ಲಲಿ. ಟಿಕೆಟು ಒಂದೂವರೆ ಗಂಟೆಯ ಕಡಲಿಗೆ ಎಂದು ಇರಲಿ. ಎರಡನೆಯದು, ಒಂದು ಗುಂಪಿನ ಹತ್ತಿರ ಒಂದೇ ದೋಣಿ, ಅದೂ ದೂರದಲ್ಲಿ, ಇಂಜಿನ್ ಬಂದ್ ಮಾಡಿ. ಹವಾಯಿಯಲ್ಲಿ 2021ರಿಂದ ಒಂದು ಜಾತಿಯ ಡಾಲ್ಫಿನ್‌ಗೆ ಸುಮಾರು 45 ಮೀಟರಿಗಿಂತ ಹತ್ತಿರ ಹೋಗುವುದು ನಿಷಿದ್ಧ. ನಮ್ಮ ಅಳಿವೆಗೆ ಎಷ್ಟು ದೂರ ಬೇಕೆಂದು ವಿಜ್ಞಾನಿಗಳೂ ಮೀನುಗಾರರೂ ಕೂತು ನಿರ್ಧರಿಸಲಿ. ಮೂರನೆಯದು, ದೋಣಿ ನಡೆಸುವವನೇ ಗೈಡು, ಅವನ ಮಾತೇ ಕೊನೆ. ರಂಪಣಿಯ ಕತೆ, ಹದ್ದಿನ ಗೂಡು, ಯಾವ ಗಾಳಿಗೆ ಯಾವ ಮೀನು ಎಂಬುದನ್ನೆಲ್ಲ ಹೇಳಬಲ್ಲವನನ್ನು ನಾವು ಬರೀ ಡ್ರೈವರ್ ಮಾಡಿ ಕೂರಿಸಿದ್ದೇವೆ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ದೋಣಿ, ಜನ, ಲೈಫ್ ಜಾಕೆಟ್ ಎಂದು ನಾವೆಲ್ಲ ಗಟ್ಟಿಯಾಗಿ ಮಾತಾಡಿದ್ದು ಆಮೇಲೆ. ಮನುಷ್ಯರ ಜೀವಕ್ಕೇ ನಮ್ಮ ಎಚ್ಚರ ಇಷ್ಟು ತಡವಾಗಿ ಬರುವುದಾದರೆ, ನೀರಿನಡಿಯ ಜೀವಕ್ಕೆ ಅದು ತಾನಾಗಿ ಬಂದೀತೆಂದು ಕಾಯುವಂತಿಲ್ಲ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಒಂದು ಮಾತು. ಈ ಚಳಿಗಾಲ ನೀವು ಕಾರವಾರಕ್ಕೋ ಮುರುಡೇಶ್ವರಕ್ಕೋ ಹೋಗಿ ದೋಣಿ ಹತ್ತಿದರೆ, ಕೂರುವ ಮೊದಲೇ ದೋಣಿಯವರಿಗೆ ಹೇಳಿ: “ಅಣ್ಣಾ, ಏನೂ ಕಾಣದಿದ್ದರೂ ಪೂರ್ತಿ ದುಡ್ಡು ಕೊಡ್ತೇವೆ. ಅಟ್ಟಿಸಿಕೊಂಡು ಹೋಗಬೇಡಿ.” ಪಕ್ಕದವರು ಗೊಣಗುತ್ತಾರೆ, ಗೊಣಗಲಿ.

ಆ ದಿನ ನಾನು ಫೋನಿನಲ್ಲಿ ತೆಗೆದ ವಿಡಿಯೋ ಇನ್ನೂ ಇದೆ. ಮೊನ್ನೆ ಮತ್ತೆ ಹಾಕಿ ನೋಡಿದೆ. ಮಾವನ ಟೊಪ್ಪಿಗೆ, ಎತ್ತಿದ ಕೈಗಳು, ಕೈಗಳಲ್ಲಿ ಫೋನುಗಳು, ಇಂಜಿನಿನ ಗುಡುಗು, “ಅಲ್ನೋಡು, ಅಲ್ನೋಡು” ಎಂಬ ಕೂಗು. ಅದರಲ್ಲಿ ನನ್ನ ದನಿಯೂ ಇದೆ. ಡಾಲ್ಫಿನ್ ಮಾತ್ರ ಎಲ್ಲಿಯೂ ಇಲ್ಲ.