ಮರಳೊಳಗಿನ ಮನೆ

ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ಕಪ್ಪೆಚಿಪ್ಪು ಆರಿಸಿದ್ದೀರಾ? ಅದು ಕಪ್ಪೆಯದಲ್ಲ, ಬಸವನಹುಳುವಿನ ನೆಂಟನಾದ ಮೃದ್ವಂಗಿಯ ಖಾಲಿ ಮನೆ. ಜೀವವಿದ್ದಾಗ ಅದು ಕೊಡಲಿಯಾಕಾರದ ಒಂದೇ ಪಾದದಿಂದ ಮರಳು ಕೊರೆದು ಅರ್ಧ ಹುದುಗಿ ಕೂರುತ್ತದೆ. ನೀರನ್ನು ಒಳಗೆಳೆದು, ಪಾಚಿಯ ಕಣಗಳನ್ನು ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತದೆ.

ಇಷ್ಟು ನಿಧಾನದ ಜೀವಿ ಹೊಳೆಯುದ್ದಕ್ಕೂ ಹರಡುವುದು ಹೇಗೆ? ಮೀನಿನ ಸವಾರಿಯಿಂದ! ಸಾಸಿವೆಗಿಂತ ಚಿಕ್ಕ ಮರಿಗಳು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಳ್ಳುತ್ತವೆ. ಕೆಲವು ದಿನ ಅಲ್ಲೇ ಬೆಳೆದು, ದೂರದಲ್ಲೆಲ್ಲೋ ಮರಳಿಗೆ ಉದುರುತ್ತವೆ.

ನಾಗಮಂಗಲ, ಪಾಂಡವಪುರಗಳ ಲೋಕಪಾವನಿ, ಕೆ.ಆರ್. ಪೇಟೆಯ ಹೇಮಾವತಿ ಎರಡೂ ಕಾವೇರಿ ಸೇರುವ ಹೊಳೆಗಳೇ. ಹೊಳೆಯ ಮರಳನ್ನು ಲಾರಿಗೆ ತುಂಬಿದರೆ ಅದರೊಂದಿಗೆ ಈ ಜೀವಿಯ ಮನೆಯೂ ಹೋಗುತ್ತದೆ. ಮಕ್ಕಳೇ, ಮುಂದಿನ ಸಲ ಜೀವಂತ ಚಿಪ್ಪು ಸಿಕ್ಕಿದರೆ ನೋಡಿ, ಸಿಕ್ಕಲ್ಲೇ ಮರಳಿಗೆ ಬಿಟ್ಟುಬಿಡಿ.