ಲಸಿಕೆಯ ತೊಂದರೆ: ರಾಜಿಗೆ ಸಹಿ ಹಾಕುವ ಮುನ್ನ

ಬೀಳಗಿ, ಜಮಖಂಡಿ ಕಡೆಯವರಿಗೆ ‘ಪರಿಹಾರ’ ಎಂಬ ಮಾತು ಹೊಸದಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ-ಮನೆ ಮುಳುಗಿದ ಮೇಲೆ ಅದಕ್ಕಾಗಿ ಕೋರ್ಟಿಗೆ ಅಲೆದ ಮನೆತನಗಳು ಎಷ್ಟೋ. ಅಲ್ಲಿ ಪಹಣಿ ಇರುತ್ತದೆ, ಎಕರೆ-ಗುಂಟೆಯ ಲೆಕ್ಕವಿರುತ್ತದೆ. ಆದರೆ ಚುಚ್ಚುಮದ್ದು ಹಾಕಿಸಿಕೊಂಡ ಕೂಸಿಗೆ ತೊಂದರೆಯಾದರೆ ಲೆಕ್ಕ ಹಿಡಿಯುವುದು ಹೇಗೆ?

2022ರ ಜನವರಿಯಲ್ಲಿ ಮುಧೋಳದ ನೆರೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಹಸುಗೂಸುಗಳು ತೀರಿಕೊಂಡವು. ಲಸಿಕೆಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂದು ಆಗ ವರದಿಯಾಯಿತು. ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಪುಡಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಎಸೆಯಬೇಕು. ತಪ್ಪಿದರೆ ಅದರಲ್ಲಿ ರೋಗಾಣು ಬೆಳೆದು ಕೂಸಿನ ಜೀವಕ್ಕೇ ಎರವಾಗಬಹುದು. ಅಂದರೆ ಲಸಿಕೆ ಒಳ್ಳೆಯದಿದ್ದರೂ ಹಾಕುವ ಕ್ರಮ ಕೆಟ್ಟಿರಬಹುದು.

ನ್ಯಾಯಾಲಯ ಮೊದಲು ಕೇಳುವುದೂ ಇದನ್ನೇ. ‘ಲಸಿಕೆಯ ನಂತರ’ ಆದದ್ದೆಲ್ಲ ‘ಲಸಿಕೆಯಿಂದ’ ಆದದ್ದಲ್ಲ. ಲಸಿಕೆ ಹಾಕುವ ವಯಸ್ಸಿನಲ್ಲೇ ಮಕ್ಕಳಿಗೆ ಜ್ವರ, ಫಿಟ್ಸ್ ಬೇರೆ ಕಾರಣಕ್ಕೂ ಬರುತ್ತವೆ. ಆದ್ದರಿಂದ ತಾಯಿ ಕಾರ್ಡು, ಲಸಿಕೆಯ ಬ್ಯಾಚ್ ನಂಬರು, ಆಸ್ಪತ್ರೆಯ ಕಾಗದಪತ್ರ ಜೋಪಾನವಾಗಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೂಡಲೇ ಬರೆದುಕೊಡಿ; ಇಂಥ ಪ್ರಕರಣ ಪರಿಶೀಲಿಸಲು ಜಿಲ್ಲಾ ಸಮಿತಿ ಇದೆ. ಸಾವು ಸಂಭವಿಸಿದ್ದರೆ, ಕರುಳು ಒಪ್ಪದಿದ್ದರೂ, ಮರಣೋತ್ತರ ಪರೀಕ್ಷೆ ಬೇಡವೆನ್ನಬೇಡಿ.

ದಾವೆ ಎಲ್ಲಿ? ಹಣ ಕೊಟ್ಟು ಖಾಸಗಿ ದವಾಖಾನೆಯಲ್ಲಿ ಹಾಕಿಸಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅವಧಿ 2 ವರ್ಷ. ಎಲ್ಲರಿಗೂ ಉಚಿತ ಸೇವೆ ಕೊಡುವ ಸರಕಾರಿ ಆಸ್ಪತ್ರೆ ಆ ಕಾಯ್ದೆಗೆ ಒಳಪಡದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆಗ ಸಿವಿಲ್ ಕೋರ್ಟು, ಇಲ್ಲವೆ ಹೈಕೋರ್ಟಿನ ಧಾರವಾಡ ಪೀಠವೇ ದಾರಿ. ಅಮೆರಿಕದಲ್ಲಿ 1986ರ ಕಾಯ್ದೆಯಂತೆ ಪ್ರತಿ ಲಸಿಕೆಯ ಮೇಲಿನ ತೆರಿಗೆಯಿಂದ ನಿಧಿ ಕೂಡಿಸಿ, ಯಾರ ತಪ್ಪೆಂದು ಸಾಬೀತು ಮಾಡುವ ಹೊರೆ ಹೊರಿಸದೆ ಪರಿಹಾರ ಕೊಡುತ್ತಾರೆ. ಮಕ್ಕಳ ಲಸಿಕೆಗೆಂದೇ ಅಂಥ ಕಾಯ್ದೆ ನಮ್ಮಲ್ಲಿಲ್ಲ.

ವರ್ಷಗಟ್ಟಲೆ ಅಲೆದ ಮೇಲೆ ರಾಜಿಯ ಮಾತು ಬರುತ್ತದೆ. ರಾಜಿ ಕೆಟ್ಟದ್ದಲ್ಲ. ಆದರೆ ಲೋಕ ಅದಾಲತ್ತಿನಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ‘ಪೂರ್ಣ ಮತ್ತು ಅಂತಿಮ’ ಎಂಬ ಮಾತಿನ ಕೆಳಗೆ ಸಹಿ ಹಾಕುವ ಮುನ್ನ ಲೆಕ್ಕ ಹಾಕಿ: ಮುಂದಿನ ಚಿಕಿತ್ಸೆ, ಮಗುವಿನ ಶಾಲೆ, ಬೆಳಗಾವಿ-ಹುಬ್ಬಳ್ಳಿಯ ಓಡಾಟ, ಮಗ್ಗ ನಿಲ್ಲಿಸಿ ಕೂಸಿನ ಬಳಿ ಕೂತ ತಾಯಿಯ ದುಡಿಮೆ.

ಇನ್ನೊಂದು ಮಾತು ಮುಖ್ಯ. ದಾವೆ ಮಗುವಿನ ಹೆಸರಿನಲ್ಲಿದ್ದರೆ ತಂದೆ-ತಾಯಿ ತಾವೇ ರಾಜಿಯಾಗುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ, 7ನೇ ನಿಯಮದ ಪ್ರಕಾರ ಕೋರ್ಟಿನ ಅನುಮತಿ ಬೇಕು. ರಾಜಿ ಮಗುವಿನ ಹಿತಕ್ಕಿದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಹಣವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಡಲು ಹೇಳಬಹುದು. ಇದು ಅಡ್ಡಿಯಲ್ಲ, ಕಾವಲು. ವಕೀಲರ ಫೀಗೆ ಅಂಜಬೇಕಿಲ್ಲ. 1987ರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ಕೇಳದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ.

ಇಷ್ಟು ಓದಿ ಲಸಿಕೆಯನ್ನೇ ಬಿಟ್ಟರೆ ದಡಾರ ಮನೆ ಹೊಕ್ಕೀತು. ಬಿಡಬೇಡಿ. ಶಾಲೆ ಕಲಿಯುವ ಅಕ್ಕನೋ ಅಣ್ಣನೋ ತಾಯಿಯ ಜೊತೆಗೆ ಹೋಗಲಿ, ಕಾರ್ಡಿನಲ್ಲಿ ತಾರೀಖು ಬರೆಸಲಿ, ಅರ್ಧ ತಾಸು ಅಲ್ಲೇ ಕೂರಲಿ. ‘ಅಕ್ಕಾರ, ಈ ಬಾಟ್ಲಿ ಎಷ್ಟೊತ್ತಿಗೆ ಒಡದೀರಿ?’ ಎಂದು ಕೇಳಲಿ. ಕೇಳುವುದು ಉದ್ಧಟತನವಲ್ಲ. ಕೋರ್ಟು ಕೊಡಿಸುವ ಯಾವ ಪರಿಹಾರಕ್ಕಿಂತಲೂ ಆ ಒಂದು ಪ್ರಶ್ನೆಯ ಬೆಲೆ ಹೆಚ್ಚು.